ಉಬ್ಬಿದ್ದು ಈಸ್ಟಲ್ಲ

ದಾವಣಗೆರೆಯಲ್ಲಿ ಹುಟ್ಟಿದವರಿಗೆ ಹುದುಗು ಬರಿಸುವುದು ದೊಡ್ಡ ವಿದ್ಯೆಯೇನಲ್ಲ. ರಾತ್ರಿ ಹಿಟ್ಟು ರುಬ್ಬಿಟ್ಟರೆ ಬೆಳಿಗ್ಗೆ ಬೆಣ್ಣೆ ದೋಸೆ. ನಾನು ಅದನ್ನೇ 2 ಲೀಟರಿನ ಗಾಜಿನ ಫರ್ಮೆಂಟರಿನಲ್ಲಿ, ಪಿಎಚ್‌ಡಿ ಹೆಸರಿನಲ್ಲಿ ಮಾಡುತ್ತಿದ್ದೆ.

ಈಸ್ಟ್ ಎಷ್ಟು ಬೆಳೆಯಿತೆಂದು ತಿಳಿಯಲು ಗಂಟೆಗೊಮ್ಮೆ ಸ್ಯಾಂಪಲ್ ತೆಗೆದು 600 ನ್ಯಾನೋಮೀಟರ್ ಬೆಳಕಿನಲ್ಲಿ ‘ಓಡಿ’ (OD, ಅಂದರೆ ದ್ರವ ಎಷ್ಟು ಮಬ್ಬಾಗಿದೆ ಎಂಬ ಅಳತೆ) ನೋಡಬೇಕು. (ಉಪಕರಣ ಇರುವುದು ಮೇಲಿನ ಮಹಡಿಯಲ್ಲಿ, ಹಾಗಾಗಿ ನಿಜಕ್ಕೂ ಓಡಿಯೇ ನೋಡಬೇಕು.) ಈ ಓಟ ತಪ್ಪಲೆಂದು ಪಾತ್ರೆಯೊಳಗೇ ಇಳಿಯುವ ಸೆನ್ಸರ್ ತರಿಸಿದೆವು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ, ಜೀವಕೋಶಗಳು ಅದನ್ನೆಷ್ಟು ಚದುರಿಸಿದವೆಂದು ಅಳೆದು ನಿಮಿಷ ನಿಮಿಷಕ್ಕೂ ಮೊಬೈಲಿಗೆ ಗ್ರಾಫ್ ಕಳಿಸುತ್ತದೆ.

ಮೊದಲ ರಾತ್ರಿ ಮನೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಗ್ರಾಫ್ ನೋಡುತ್ತಿದ್ದೆ. 30 ಡಿಗ್ರಿಯಲ್ಲಿ ಈಸ್ಟ್ ದುಪ್ಪಟ್ಟಾಗಲು ಸುಮಾರು ಒಂದೂವರೆ ಗಂಟೆ ಬೇಕು. ನನ್ನದು ಇಪ್ಪತ್ತೇ ನಿಮಿಷಕ್ಕೆ ಆಯಿತು! ಬುದ್ಧಿ ಇದ್ದವರು ಅನುಮಾನಪಡುತ್ತಿದ್ದರು. ನಾನು ಗೈಡಿಗೆ ಫೋನ್ ಮಾಡಿದೆ.

‘ಅದು ಈಸ್ಟೋ, ಈ ಕೋಲಿಯೋ? ಹೋಗಿ ನೋಡಪ್ಪ,’ ಅಂದು ಇಟ್ಟರು. ಈ ಕೋಲಿ (E. coli) ಅಂದರೆ ಇಪ್ಪತ್ತು ನಿಮಿಷಕ್ಕೇ ದುಪ್ಪಟ್ಟಾಗಬಲ್ಲ ಬ್ಯಾಕ್ಟೀರಿಯಾ.

ಲ್ಯಾಬಿನಲ್ಲಿ ನೊರೆ ಗಾಳಿ ಹೋಗುವ ಟ್ಯೂಬ್ ಹತ್ತಿ, ಫಿಲ್ಟರ್ ತೋಯಿಸಿ, ಮೇಜಿನ ಮೇಲೆ ಕೂತಿತ್ತು. ಸೆನ್ಸರಿನ ಕಣ್ಣಿಗೆ ಗುಳ್ಳೆಗಳು ಮೆತ್ತಿಕೊಂಡಿದ್ದವು. ಬೆಳಕು ಚದುರಿಸಿದ್ದೆಲ್ಲ ಅದಕ್ಕೆ ಈಸ್ಟೇ. ನೊರೆ ಇಳಿಸುವ ಆಂಟಿಫೋಮ್ ಎಣ್ಣೆ ಬಾಟಲಿ ತುಂಬಾ ಇತ್ತು, ಟ್ಯೂಬಿನ ಕ್ಲಿಪ್ ತೆಗೆಯುವುದನ್ನು ಮರೆತಿದ್ದವನು ನಾನು. ಸಿಟ್ಟಿಗೆ ಧಾರಾಳವಾಗಿ ಸುರಿದೆ. ನೊರೆ ಇಳಿಯಿತು, ಗ್ರಾಫ್ ಮತ್ತೆ ಏರಿತು. ಎಣ್ಣೆಯ ಸಣ್ಣ ಹನಿಗಳೂ ಬೆಳಕು ಚದುರಿಸುತ್ತವಂತೆ! ಮೈಕ್ರೋಸ್ಕೋಪಿನಡಿ ಈಸ್ಟುಗಳು ಯಾವ ಅವಸರವೂ ಇಲ್ಲದೆ ಮೊಗ್ಗೊಡೆಯುತ್ತಿದ್ದವು. ಪುಣ್ಯಕ್ಕೆ ಈ ಕೋಲಿ ಇರಲಿಲ್ಲ.

ಬೆಳಿಗ್ಗೆ ಅವ್ವ ಕೇಳಿದಳು, ‘ನಿನ್ನ ಹಿಟ್ಟು ಏನಾತೋ?’

‘ಉಕ್ಕಿ ಚೆಲ್ಲಿಹೋತವ್ವ.’

‘ಎಷ್ಟು ಹಾಕಿದ್ದಿ?’

‘ಎರಡು ಲೀಟರ್ ಪಾತ್ರೆಗೆ ಒಂದೂಮುಕ್ಕಾಲು.’

‘ಇನ್ನೇನಾಗ್ತದೆ? ಕಾಲುಭಾಗನಾದ್ರೂ ಖಾಲಿ ಬಿಡಬೇಕು. ಅಷ್ಟೂ ಗೊತ್ತಿಲ್ಲೇನು?’

ಮುಂದಿನ ಸಲ 1.5 ಲೀಟರಿಗೇ ನಿಲ್ಲಿಸಿದೆ. ನೊರೆ ಟ್ಯೂಬಿನ ಹತ್ತಿರವೂ ಬರಲಿಲ್ಲ. ಗೈಡ್ ವರದಿ ನೋಡುತ್ತಾ, ‘ಈ ಅಳತೆಗೆ ರೆಫರೆನ್ಸ್ ಎಲ್ಲಿ?’ ಅಂದರು. ಮನೆಯಲ್ಲಿ ದೋಸೆ ಹುಯ್ಯುತ್ತಿದ್ದಾಳೆ ಸರ್ ಎನ್ನಲು ಬಾಯಿ ಬರಲಿಲ್ಲ.