ಕೊನೆಯ ಗಾಡಿ ಹೋದ ಮೇಲೆ

ಹಿಂದುಸ್ತಾನಿ ಸಂಗೀತವನ್ನು ನಮ್ಮ ಸೀಮೆಯಲ್ಲಿ ಪೋಷಿಸಿದವರು ಯಾರೆಂದು ಕೇಳಿದರೆ ತಿಳಿದವರು ಸಂಸ್ಥಾನಿಕರ ಹೆಸರು ಹೇಳುತ್ತಾರೆ, ಮಠಗಳನ್ನು ನೆನೆಯುತ್ತಾರೆ, 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನೂ ಮರೆಯುವುದಿಲ್ಲ. ನಮ್ಮ ಊರಿನ ಮಟ್ಟಿಗೆ ಆ ಪಟ್ಟಿಗೆ ರೈಲ್ವೆಯ ವೇಳಾಪಟ್ಟಿಯೂ ಸೇರಬೇಕೆಂಬುದು ನನ್ನ ಬಹುದಿನದ ವಾದ. ಹುಬ್ಬಳ್ಳಿ–ಗದಗ ಮಾರ್ಗದ ಆ ಸಣ್ಣ ಊರಿನಿಂದ ರಾತ್ರಿಯ ಕೊನೆಯ ಗಾಡಿ ಒಂಬತ್ತೂವರೆಗೆ ಹೊರಟುಹೋದರೆ ಮತ್ತೆ ಗಾಡಿಯ ಮುಖ ಕಾಣುತ್ತಿದ್ದುದು ಬೆಳಗಿನ ಐದೂ ಮುಕ್ಕಾಲಿಗೆ. ಹಾಡು ಕೇಳಲು ಸುತ್ತಲಿನ ಹಳ್ಳಿಗಳಿಂದ ಬಂದವರು ಈ ನಡುವಿನ ಎಂಟು ತಾಸನ್ನು ಎಲ್ಲಿಯಾದರೂ ಕಳೆಯಲೇಬೇಕಾಗಿತ್ತು. ಸ್ಟೇಶನ್ನಿನ ಕಲ್ಲುಬೆಂಚಿಗಿಂತ ಸಂಗೀತ ಸಭೆಯ ಜಮಖಾನೆ ಮೆತ್ತಗಿತ್ತು.

ಸಭೆಗೆ ಸ್ವಂತ ಕಟ್ಟಡವಾಗಲಿ ಫಲಕವಾಗಲಿ ಇರಲಿಲ್ಲ. 'ಮ್ಯೂಸಿಕ್ ಸರ್ಕಲ್' ಎಂದು ನಾಲ್ಕು ಜನ ವಕೀಲರು ಇಟ್ಟ ಹೆಸರು ಊರ ಬಾಯಲ್ಲಿ ಬರಿಯ 'ಸರ್ಕಲ್' ಆಗಿತ್ತು. ಪರಸ್ಥಳದ ಒಬ್ಬ ತಬಲಜಿ ಸರ್ಕಲ್ ಎಲ್ಲಿದೆ ಎಂದು ಕೇಳಿ, ಜನ ತೋರಿಸಿದ ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ತನ್ನ ತಬಲಾ ಡಗ್ಗಾಗಳನ್ನು ಮುಂದಿಟ್ಟುಕೊಂಡು ಒಂದು ತಾಸು ನಿಂತಿದ್ದನಂತೆ. ಮೆಹಫಿಲು ನಡೆಯುತ್ತಿದ್ದುದು ಒಂದು ಅಡತಿ ಅಂಗಡಿಯ ಹಿಂದಿನ ಉದ್ದನೆಯ ಕೋಣೆಯಲ್ಲಿ. ಸುಗ್ಗಿಯ ದಿನಗಳಲ್ಲಿ ಅಲ್ಲಿ ಅರಳೆಯ ಅಂಡಿಗೆಗಳು ಮಾಡಿನವರೆಗೆ ತುಂಬಿರುತ್ತಿದ್ದುದರಿಂದ ಸಂಗೀತಕ್ಕೆ ರಜೆ. ಅರಳೆ ಮಾರಾಟವಾಗಿ ಕೋಣೆ ಖಾಲಿಯಾದಂತೆ ಸಭೆಗೆ ಜೀವ ಬರುತ್ತಿತ್ತು. ಧಾರಣೆ ಏರಲೆಂದು ಮಾಲೀಕರು ಉಳಿಸಿಕೊಂಡ ಕೆಲವು ಅಂಡಿಗೆಗಳು ಗೋಡೆಗುಂಟ ನಿಂತು ಹಿರಿಯರಿಗೆ ಲೋಡುಗಳಾಗುತ್ತಿದ್ದವು, ನಮ್ಮಂಥ ಹುಡುಗರಿಗೆ ಹಾಸಿಗೆಯಾಗುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಕೋಣೆಯ ಪ್ರತಿಧ್ವನಿಯನ್ನೆಲ್ಲ ಹೀರಿಕೊಂಡು ಧ್ವನಿಯನ್ನು ತಿಳಿಯಾಗಿಸುತ್ತಿದ್ದವು. ಮುಂದೆ ಲಕ್ಷಗಟ್ಟಲೆ ಸುರಿದು ಕಟ್ಟಿದ ಎಷ್ಟೋ ಸಭಾಭವನಗಳಲ್ಲಿ ಕುಳಿತಾಗ, ಇಲ್ಲಿ ಹತ್ತು ಅಂಡಿಗೆ ಅರಳೆ ತಂದಿಟ್ಟಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿದ್ದುಂಟು.

ನಮ್ಮ ಕಾಕಾ ಸಭೆಯ ಖಜಾಂಚಿ. ಖಜಾನೆಯೆಂದರೆ ಒಂದು ಬಿಸ್ಕೀಟಿನ ಡಬ್ಬಿ ಮತ್ತು ಕೆಂಪು ಬಟ್ಟೆಯ ರಟ್ಟಿನ ಒಂದು ಕೀರ್ದಿ ಪುಸ್ತಕ. ಸಂಜೆಯಾಗುತ್ತಲೇ ಕಾಕಾನ ಮೊದಲ ಕೆಲಸ ತಂಬೂರಿಗಳ ಗವಸು ಬಿಚ್ಚುವುದು. ಎರಡೂ ಮಿರಜದಿಂದ ತಂದವು. ತಂತಿಗಳನ್ನು ಹೊತ್ತ 'ಕುದುರೆ' ಎಂಬ ಪಟ್ಟಿಯ ಮೇಲೆ ತಂತಿಯ ಕೆಳಗೆ ದಾರದ ಎಳೆಯೊಂದನ್ನು ಸೇರಿಸಿ, ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತ ಅವರು 'ಜವಾರಿ' ಕೂಡಿಸುತ್ತಿದ್ದರು. ಸರಿಯಾದ ಠಾವಿಗೆ ಎಳೆ ಬಂದೊಡನೆ ಅಷ್ಟು ಹೊತ್ತು ಮೊಂಡಾಗಿದ್ದ ತಂತಿ ಜೇನುಹುಳದಂತೆ ಝೇಂಕರಿಸತೊಡಗುತ್ತಿತ್ತು. ಜವಾರಿ ಮೆಣಸಿನಕಾಯಿ, ಜವಾರಿ ಸೌತೆಕಾಯಿ, ಜವಾರಿ ಎಮ್ಮೆಗಳನ್ನು ಮಾತ್ರ ಬಲ್ಲ ನಾನು, ತಂಬೂರಿಯೂ ನಮ್ಮ ಕಡೆಯ ನಾಟಿ ತಳಿಯೇ ಇರಬೇಕೆಂದು ಬಹಳ ವರ್ಷ ನಂಬಿದ್ದೆ. ಈಗಲೂ ಆ ನಂಬಿಕೆ ಪೂರಾ ಬಿಟ್ಟಿಲ್ಲ.

ಹಿಂದುಸ್ತಾನಿಯಲ್ಲಿ ಒಂದೊಂದು ರಾಗಕ್ಕೂ ಅದರದೇ ವೇಳೆ ಉಂಟು. ಯಮನದಿಂದಲೋ ಪೂರಿಯಾ ಧನಾಶ್ರೀಯಿಂದಲೋ ಹೊರಟ ರಾತ್ರಿ ಬಾಗೇಶ್ರೀಯನ್ನು ದಾಟಿ ಮಾಲಕಂಸಕ್ಕೆ ಬರುವ ಹೊತ್ತಿಗೆ ನಡುರಾತ್ರಿ ಮೀರಿರುತ್ತಿತ್ತು. ಮಾಲಕಂಸದಲ್ಲಿ ಪಂಚಮ ಸ್ವರವಿಲ್ಲವಾದ್ದರಿಂದ ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಬೇಕು. ಈ ಶ್ರುತಿಬದಲಾವಣೆಯೇ ಸಭೆಯ ಚಹಾದ ಹೊತ್ತು. ರಾಗಶಾಸ್ತ್ರ ಅರಿಯದ ಚಹಾದವನು ಕೂಡ ಕಾಕಾನ ಕೈ ತಂಬೂರಿಯ ಬಿರಡೆಗೆ ಹೋದದ್ದನ್ನು ನೋಡಿ ಕಿಟ್ಲಿ ಎತ್ತುತ್ತಿದ್ದ. ರೈಲ್ವೆ ಗುಮಾಸ್ತರು, ಶಾಲಾ ಮಾಸ್ತರರು, ಅರಳೆ ದಲಾಲರು, ಅಂಗಿ ಹೊಲಿಯುವ ಇಬ್ಬರು ಅಣ್ಣತಮ್ಮಂದಿರು, ಎಲ್ಲರೂ ಹೊರಗೆ ಬಂದು ಎಲೆಅಡಿಕೆ ಹಾಕಿಕೊಂಡು, ಆಗಷ್ಟೇ ಕೇಳಿದ ತಾನುಗಳ ಮೇಲೆ ದಲಾಲಿ ನಡೆಸಿದವರಂತೆ ವಾದ ಮಾಡುತ್ತಿದ್ದರು.

ಗಾಡಿಗೂ ಗಾನಕ್ಕೂ ಇರುವ ಈ ನಂಟಿಗೆ ಹಿರಿಯ ಸಾಕ್ಷಿ ಕುಂದಗೋಳದಲ್ಲಿದೆ. ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಆ ಊರು ಗಾಯಕ ಸವಾಯಿ ಗಂಧರ್ವರದು (1886–1952). ಸವಾಯಿ ಎಂದರೆ ಒಂದೂಕಾಲು; ಒಬ್ಬ ಗಂಧರ್ವನಿಗಿಂತ ಕಾಲು ಪಾಲು ಹೆಚ್ಚು ಎಂಬ ಈ ಬಿರುದಿನಲ್ಲಿ ಪೇಟೆಯ ಅಳತೆ ಇದೆ, ಅದಕ್ಕೇ ನನಗದು ಬಹಳ ಇಷ್ಟ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಗಾಡಿಯಲ್ಲಿ ಬಂದು ಅವರ ಬಳಿ ಪಾಠ ಹೇಳಿಸಿಕೊಂಡು ಗಾಡಿಯಲ್ಲೇ ಮರಳುತ್ತಿದ್ದರು. ಗುರುವಿನ ಮನೆಯಲ್ಲಿ ನೀರು ಹೊತ್ತುಕೊಂಡಿದ್ದ ಹುಡುಗ ಭೀಮಸೇನ ಜೋಶಿ ಗಂಗೂಬಾಯಿಯವರನ್ನು ಸ್ಟೇಶನ್ನಿನವರೆಗೆ ಕಳಿಸಿ ಬರುತ್ತಿದ್ದ. ಅಲ್ಲಿಯೂ ಪಾಠದ ಅಳತೆ ಗಾಡಿಯ ಹೊತ್ತೇ ಆಗಿತ್ತಲ್ಲವೇ? ಗುರುವಿನ ನೆನಪಿಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಯತೊಡಗಿದ ಮೇಲೆ ನಮ್ಮ ಸರ್ಕಲ್ಲಿನ ಹಿರಿಯರು ವರ್ಷಕ್ಕೊಮ್ಮೆ ಅಲ್ಲಿಗೆ ದಂಡು ಕಟ್ಟಿಕೊಂಡು ಹೋಗುತ್ತಿದ್ದರು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಮ್ ಖಾನರು ಬಂದು ಇಳಿದುಕೊಳ್ಳುತ್ತಿದ್ದ ವಾಡೆ ಅದು. ಅದರ ದಪ್ಪ ಮರದ ಕಂಬಕ್ಕೆ ಬೆನ್ನು ಕೊಟ್ಟು ಕೂತು, ಗಂಡುದನಿಯ ಗಾಂಭೀರ್ಯವಿದ್ದ ಗಂಗೂಬಾಯಿಯವರ ಷಡ್ಜ ಕೇಳಿದ ರಾತ್ರಿ, ನಮ್ಮ ಅರಳೆ ಕೋಣೆ ಈ ದೊಡ್ಡ ಮನೆಯ ಒಂದು ಕವಲು ಎಂಬುದು ನನಗೆ ತಿಳಿಯಿತು.

ನಮ್ಮಲ್ಲಿಗೆ ದೊಡ್ಡವರು ಅಪರೂಪಕ್ಕೆ ಬರುತ್ತಿದ್ದರು. ಅವರ ಬಿದಾಗಿ, ಎಂದರೆ ಸಂಭಾವನೆ, ಬಿಸ್ಕೀಟಿನ ಡಬ್ಬಿಗೆ ಎಟುಕುತ್ತಿರಲಿಲ್ಲ. ಅಂಥವರ ಗಾಯನ ದಿಲ್ಲಿಯಿಂದ ಶನಿವಾರ ರಾತ್ರಿಯ ಅಖಿಲ ಭಾರತ ಸಂಗೀತ ಕಾರ್ಯಕ್ರಮದಲ್ಲಿ ಬರುವುದಿದ್ದರೆ ಒಬ್ಬರ ಮನೆಯ ರೇಡಿಯೊ ತಂದು ಗವಾಯಿಗಳ ಗಾದಿಯ ಮೇಲಿಟ್ಟು ಅದರೆದುರು ಕೂಡುತ್ತಿದ್ದೆವು. ರೇಡಿಯೊಕ್ಕೂ ವಾಹ್ ವಾಹ್ ಸಲ್ಲುತ್ತಿತ್ತು. ಉಳಿದಂತೆ ಹಾಡುತ್ತಿದ್ದವರು ಹುಬ್ಬಳ್ಳಿ ಧಾರವಾಡದ ಎಳೆಯ ಗಾಯಕರು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಆಶ್ರಮದಲ್ಲಿ ಕಲಿತ ಅಂಧ ತರುಣರೊಬ್ಬರು ದರಬಾರಿ ರಾಗದ ನಿಧಾನಗತಿಯ ವಿಲಂಬಿತದಲ್ಲಿ ಮುಳುಗಿದ್ದಾಗ ಊರ ಕರೆಂಟೆಲ್ಲ ಹೋಯಿತು. ಸಭೆಯಲ್ಲಿ ಗುಜುಗುಜು ಎದ್ದಿತು, ಹಾರ್ಮೋನಿಯಂ ಪೇಟಿಯವರ ಬೆರಳು ತಡವರಿಸಿತು, ಕಾಕಾ ಕಂದೀಲಿಗಾಗಿ ಕತ್ತಲಲ್ಲಿ ಯಾರ ಯಾರದೋ ಕಾಲು ತುಳಿಯುತ್ತ ಹೊರಟರು. ಹಾಡು ಮಾತ್ರ ನಿಲ್ಲಲಿಲ್ಲ. ತಾಳದ ಆವರ್ತನ ಮುಗಿಸಿ ಅದರ ಮೊದಲ ಪೆಟ್ಟಾದ ಸಮಕ್ಕೆ ಬಂದ ಮೇಲೆ ಅವರು ಮೆಲ್ಲಗೆ, "ಮೈಕ್ ಹೋದಂಗಾತಲ್ರಿ?" ಎಂದು ಕೇಳಿದರು. "ಮೈಕ್ ಅಷ್ಟ ಅಲ್ರೀಪಾ, ಕರೆಂಟ ಹೋಗೇದ, ಎಲ್ಲಾ ಕತ್ತಲಿ" ಎಂದರು ಕಾಕಾ. "ಹೌದ? ನಿಮಗ ತ್ರಾಸ ಆತೇನ್ರಿ?" ಎಂದು ನಕ್ಕು ಅವರು ಮತ್ತೆ ಮಂದ್ರಕ್ಕೆ ಇಳಿದರು. ಕಂದೀಲು ಬಂತು, ಆದರೆ ಅದನ್ನು ಹಚ್ಚುವುದು ಬೇಡವೆಂದು ಯಾರೋ ಅಂದರು. ಆ ರಾತ್ರಿ ಕೇಳಿದ ದರಬಾರಿಗೆ ನನ್ನಲ್ಲಿ ಯಾವ ಮುಖವೂ ಉಳಿದಿಲ್ಲ, ಧ್ವನಿ ಮಾತ್ರ ಇದೆ.

ಎಲ್ಲಕ್ಕಿಂತ ಸೊಗಸು ಬೆಳಗಿನ ಜಾವದ್ದು. ಲಲಿತದ ಎರಡು ಮಧ್ಯಮಗಳು ಒಂದನ್ನೊಂದು ಸವರಿಕೊಂಡು ಬರುವ ಹೊತ್ತಿಗೆ ಕಿಟಕಿಯ ಸರಳುಗಳು ಕಾಣಿಸತೊಡಗುತ್ತಿದ್ದವು. ಆ ಮೇಲೆ ಭೈರವ, ಕಡೆಗೆ ಭೈರವಿ. ಭೈರವಿ ಹಾಡಿದ ಮೇಲೆ ಬೇರೇನನ್ನೂ ಹಾಡುವ ಸಂಪ್ರದಾಯವಿಲ್ಲವಾದ್ದರಿಂದ ಅದನ್ನು ಯಾವಾಗ ಎತ್ತಿಕೊಳ್ಳಬೇಕೆಂಬುದು ಬಿಕ್ಕಟ್ಟಿನ ಪ್ರಶ್ನೆ. ಬೇಗ ಎತ್ತಿಕೊಂಡರೆ ಬೆಳಗು ಬರಿದಾಗುತ್ತದೆ, ತಡವಾದರೆ ಅರ್ಧ ಸಭೆ ಗಾಡಿಗೆ ಎದ್ದುಹೋಗುತ್ತದೆ. ಸಭೆಯ ಸದಸ್ಯರೂ ಆಗಿದ್ದ ರೈಲ್ವೆ ಗುಮಾಸ್ತರೊಬ್ಬರು ಐದು ಗಂಟೆಗೆ ಸ್ಟೇಶನ್ನಿಗೆ ಹೋಗಿ ವರ್ತಮಾನ ತರುತ್ತಿದ್ದರು. ಅವರು ಬಾಗಿಲಲ್ಲಿ ನಿಂತು ನಾಲ್ಕು ಬೆರಳು ಎತ್ತಿದರೆ ಗಾಡಿ 40 ನಿಮಿಷ ತಡವೆಂದು ಅರ್ಥ. ಆಗ ಏಳುತ್ತಿದ್ದ ಹರ್ಷೋದ್ಗಾರ ಯಾವ ತಾನಿಗೂ ಸಿಕ್ಕಿದ್ದನ್ನು ನಾನು ಕಾಣೆ. ಗವಾಯಿಗಳು ಅದು ತಮಗೇ ಸಂದದ್ದೆಂದು ಕೈಮುಗಿದು ಇನ್ನೊಂದು ಚೀಜು ಎತ್ತಿಕೊಳ್ಳುತ್ತಿದ್ದರು.

ಆಮೇಲೆ ರಾತ್ರಿ ಹನ್ನೊಂದಕ್ಕೊಂದು ಬಸ್ಸು ಬಂತು. ಊರವರೆಲ್ಲ ಅದಕ್ಕೆ ಹಾರ ಹಾಕಿ ಕಾಯಿ ಒಡೆದರು, ಕಾಕಾನೂ ಒಡೆದರು. ಬಸ್ಸಿನ ಹಿಂದೆ ಮೋಟಾರ್ ಸೈಕಲ್ಲುಗಳು ಬಂದವು. ಮನೆಗೆ ಹೋಗಲು ಬರುತ್ತದೆ ಎಂದಾದ ಮೇಲೆ ಮನೆಗೆ ಹೋಗಬೇಕೆಂದು ಅನ್ನಿಸತೊಡಗುವುದು ಮನುಷ್ಯಸಹಜ. ಹತ್ತು ದಾಟಿದೊಡನೆ ಜಮಖಾನೆಯ ಮೇಲೆ ಗಡಿಯಾರ ನೋಡುವ ಮಣಿಕಟ್ಟುಗಳು ಮೇಲೇಳತೊಡಗಿದವು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಕೂಡದೆಂಬ ಶಬ್ದಮಾಲಿನ್ಯ ನಿಯಮಗಳು 2000ದಲ್ಲಿ ಬಂದಾಗ ದೊಡ್ಡ ಪೇಟೆಗಳ ಅಹೋರಾತ್ರಿ ಉತ್ಸವಗಳಿಗೆ ಪೆಟ್ಟು ಬಿತ್ತು. ನಮ್ಮ ಊರಿನಲ್ಲಿ ಆ ನಿಯಮಕ್ಕೆ ನಿಲ್ಲಿಸಲು ಏನೂ ಉಳಿದಿರಲಿಲ್ಲ. ಈಗ ಬಹುತೇಕ ಕಡೆ ಕಾರ್ಯಕ್ರಮ ಸಂಜೆ ಆರಕ್ಕೆ ಶುರುವಾಗಿ, ಸತ್ಕಾರ ಭಾಷಣಗಳನ್ನು ದಾಟಿ, ಒಂಬತ್ತೂವರೆಗೆ ಮುಗಿಯುತ್ತದೆ. ಹಾಗಾಗಿ ಯಮನ ಬದುಕಿದೆ, ಬಾಗೇಶ್ರೀ ಬದುಕಿದೆ. ಲಲಿತವನ್ನು ಅದರ ವೇಳೆಯಲ್ಲಿ, ಹಾಡುವವರ ಎದುರು ಕೂತು ಕೇಳಿದವರು ಊರಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದಾರೆ, ಎಲ್ಲರಿಗೂ ಎಪ್ಪತ್ತು ದಾಟಿದೆ. ನನ್ನ ಸೊಸೆ ಮುಂಜಾನೆ ರೊಟ್ಟಿ ಬಡಿಯುವಾಗ ಮೊಬೈಲಿನಲ್ಲಿ ತೋಡಿ ಹಚ್ಚುತ್ತಾಳೆ. ತಪ್ಪೇನಿಲ್ಲ, ರೊಟ್ಟಿಯೂ ಚೆನ್ನಾಗಿರುತ್ತದೆ.

ಕಾಕಾ ತೀರಿಕೊಂಡ ಮೇಲೆ ಅವರ ಕೀರ್ದಿ ಪುಸ್ತಕ ನನಗೆ ಬಂತು. ಪ್ರತಿ ಮೆಹಫಿಲಿನ ಲೆಕ್ಕದ ಕೆಳಗೆ ಎರಡು ಸಾಲುಗಳಿವೆ: 'ರಾತ್ರಿ ಚಹಾ', 'ಬೆಳಗಿನ ಚಹಾ'. ಯಾರು ಬಂದರು, ಯಾರು ಭೈರವಿಯವರೆಗೆ ಕೂತರು ಎಂಬುದಕ್ಕೆ ಇದಕ್ಕಿಂತ ನಂಬಿಗಸ್ತ ದಾಖಲೆ ಬೇಕಿಲ್ಲ. ಮೊದಲ ಪುಟಗಳಲ್ಲಿ ಎರಡೂ ಅಂಕಿಗಳು ಹೆಚ್ಚುಕಡಿಮೆ ಒಂದೇ. ಪುಟ ತಿರುವಿದಂತೆ ಮೇಲಿನ ಅಂಕಿ ಹಾಗೆಯೇ ಇದ್ದು ಕೆಳಗಿನದು ಕರಗುತ್ತ ಬರುತ್ತದೆ. ಕೊನೆಯ ಅಹೋರಾತ್ರಿಯ ಪುಟದಲ್ಲಿ ಬೆಳಗಿನ ಚಹಾ 5 ಎಂದಿದೆ. ಹಾಡಿದವರು ಒಬ್ಬರು, ತಬಲಾ ಒಬ್ಬರು, ಪೇಟಿ ಒಬ್ಬರು, ತಂಬೂರಿ ಮೀಟಿದ ಹುಡುಗನೊಬ್ಬ. ಐದನೆಯ ಕಪ್ಪು ಕಾಕಾನದು. ಆ ರಾತ್ರಿ ಮಾಲಕಂಸಕ್ಕೆ ತಂಬೂರಿ ಇಳಿಸುತ್ತಿದ್ದಾಗ, ಮರುದಿನ ಕಚೇರಿ ಇದೆಯೆಂದು ಕಾಕಾನ ಕಿವಿಯಲ್ಲಿ ಹೇಳಿ, ನಾನು ಹೊಸದಾಗಿ ಕೊಂಡಿದ್ದ ಮೋಟಾರ್ ಸೈಕಲ್ಲಿನ ಮೇಲೆ ಮನೆಗೆ ಬಂದಿದ್ದೆ.