ನಮ್ಮ ಮನೆಯಲ್ಲಿ ರೆಕಾರ್ಡ್ ಆಗಿದ್ದು ನಮ್ಮದಲ್ಲವಂತೆ!

ನಿನ್ನೆ ಬೆಳಗ್ಗೆ ಸೆಟ್‌ಟಾಪ್ ಬಾಕ್ಸ್ ಬದಲಾಯಿಸೋಕೆ ಒಬ್ಬ ಹುಡುಗ ಬಂದಿದ್ದ. ಆ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ, ಮೊದಲೇ ಹೇಳಿಬಿಡ್ತೇನೆ. ಚಪ್ಪಲಿ ಹೊರಗೆ ಬಿಟ್ಟು ಬಂದ, ಅಮ್ಮ ಕೊಟ್ಟ ಕಾಫಿ ಕುಡಿದ, ಹದಿನೈದು ನಿಮಿಷದಲ್ಲಿ ಕೆಲಸ ಮುಗಿಸಿದ. ಹಳೇ ಬಾಕ್ಸ್ ಎರಡು ವಾರದಿಂದ ಲೋಗೋ ತೋರಿಸಿ ಅಲ್ಲೇ ನಿಂತುಬಿಡುತ್ತಿತ್ತು. ಹೊಸದು ಬಂತು, ಚಿತ್ರ ಬಂತು, ಅಮ್ಮನ ಸೀರಿಯಲ್ಲೂ ಬಂತು. ಆಮೇಲೆ ನಾನು ಹಳೇ ಬಾಕ್ಸಿಗೆ ಹಾಕಿಟ್ಟಿದ್ದ ಹಾರ್ಡ್ ಡಿಸ್ಕ್ ತಂದು ಹೊಸದರ ಹಿಂದೆ ಚುಚ್ಚಿದೆ. ಟಿ.ವಿ. ಮೇಲೆ ಒಂದೇ ಸಾಲು: ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

"ಇದರಲ್ಲಿರೋ ರೆಕಾರ್ಡಿಂಗ್?" ಅಂದೆ.

"ಅವೆಲ್ಲ ಹಳೇ ಬಾಕ್ಸಿಗೆ ಲಾಕ್ ಆಗಿರ್ತವೆ ಸಾರ್. ಇದರಲ್ಲಿ ಬರಲ್ಲ. ಫಾರ್ಮ್ಯಾಟ್ ಕೊಡಿ, ಫ್ರೆಶ್ಶಾಗಿ ಮಾಡ್ಕೊಳ್ಳಿ."

ಫ್ರೆಶ್ಶಾಗಿ! 2019ರ ಜನವರಿ 21 ಮತ್ತು 22ನ್ನು ಫ್ರೆಶ್ಶಾಗಿ ಎಲ್ಲಿಂದ ತರಲಪ್ಪ ನಾನು?

ತುಮಕೂರಿನವರಿಗೆ ಆ ತಾರೀಕು ಬಿಡಿಸಿ ಹೇಳಬೇಕಿಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದ ದಿನ, ಮಾರನೇ ದಿನ. ಕನ್ನಡದ ಅಷ್ಟೂ ನ್ಯೂಸ್ ಚಾನೆಲ್‌ಗಳ ಕ್ಯಾಮರಾ ಕ್ಯಾತ್ಸಂದ್ರದ ಕಡೆಗೇ ತಿರುಗಿತ್ತು. ಅಮ್ಮ ಪಕ್ಕದ ಮನೆ ಅಜ್ಜಿಯನ್ನು ಕಟ್ಟಿಕೊಂಡು ಬೆಳಗಿನ ಜಾವವೇ ಹೋಗಿ ದರ್ಶನದ ಸಾಲಿನಲ್ಲಿ ನಿಂತಿದ್ದಳು. ನಾನು ಮನೆಯಲ್ಲಿ ಕೂತು ಒಂದಾದ ಮೇಲೆ ಒಂದು ಚಾನೆಲ್ ರೆಕಾರ್ಡ್ ಹಾಕುತ್ತಿದ್ದೆ. ಸಾಯಂಕಾಲ ಹಾಕಿ ನೋಡಿದರೆ, ಅಮ್ಮ! ಹಸಿರು ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಕವರು, ಪಕ್ಕದಲ್ಲಿ ಅಜ್ಜಿ. ಮೂರೇ ಸೆಕೆಂಡು. ಆ ಮೂರು ಸೆಕೆಂಡನ್ನು ನಮ್ಮ ಮನೆಗೆ ಬಂದ ಒಬ್ಬ ನೆಂಟನೂ ನೋಡದೆ ವಾಪಸ್ ಹೋಗಿಲ್ಲ. ಪಕ್ಕದ ಮನೆ ಅಜ್ಜಿ ಈಗ ಇಲ್ಲ. ಅವರ ಮಗಳು ಬೇಸಿಗೆ ರಜಕ್ಕೆ ಬಂದಾಗೆಲ್ಲ "ಅದನ್ನೊಂದ್ಸಲ ಹಾಕಿ ಅಣ್ಣ" ಅನ್ನುತ್ತಾರೆ. ಈ ಸಲ ಬಂದರೆ ಏನು ಹಾಕಲಿ?

ಆ ಡಿಸ್ಕ್ ಈಗ ನನ್ನ ಟೇಬಲ್ ಮೇಲೇ ಇದೆ. ಕೆಟ್ಟಿಲ್ಲ. ಅದಕ್ಕೆ ದುಡ್ಡು ಕೊಟ್ಟವನು ನಾನು. ರೆಕಾರ್ಡ್ ಆಗುವಾಗ ಉರಿದ ಕರೆಂಟು ನನ್ನದು. ರೆಕಾರ್ಡಿಂಗ್ ಸೌಲಭ್ಯ ಅಂತ ಪ್ರತಿ ತಿಂಗಳು ಬೇರೆ ಕಿತ್ತುಕೊಂಡಿದ್ದಾರೆ. ಒಳಗಿರುವುದು ನನ್ನ ತಾಯಿ. ಆದರೆ ನೋಡೋಕೆ ಮಾತ್ರ ಸತ್ತುಹೋದ ಒಂದು ಡಬ್ಬದ ಅಪ್ಪಣೆ ಬೇಕು. ಕಂಪ್ಯೂಟರಿಗೆ ಹಾಕಿದೆ. ಅದೂ ಅದೇ ರಾಗ, ಫಾರ್ಮ್ಯಾಟ್ ಮಾಡಲೇ? ಎಲ್ಲರಿಗೂ ಅದೊಂದೇ ಅರ್ಜೆಂಟು.

ಇದು ಡಬ್ಬದ ದೋಷ ಅಲ್ಲ, ಅದನ್ನು ಹಾಗೇ ಮಾಡಿರುವುದು. ಬಾಕ್ಸ್ ರೆಕಾರ್ಡ್ ಮಾಡುವಾಗಲೇ ಫೈಲಿಗೆ ಬೀಗ ಹಾಕುತ್ತೆ, ಬೀಗದ ಕೈ ಆ ಬಾಕ್ಸಿನೊಳಗೆ ಮಾತ್ರ. ರೀಚಾರ್ಜ್ ಮುಗಿದ ದಿನ ನಮ್ಮ ಬಾಕ್ಸು ಹಳೇ ರೆಕಾರ್ಡಿಂಗ್ ಕೂಡ ತೋರಿಸುತ್ತಿರಲಿಲ್ಲ. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬಂದಿಲ್ಲ. 

ಬರಬೇಕಿತ್ತು ಯಾಕೆ ಅಂದರೆ, ನಾನು ಇದಕ್ಕಿಂತ ಒಳ್ಳೆ ಕಾಲ ನೋಡಿದವನು. ನಮ್ಮ ಎಸ್.ಎಸ್. ಪುರಂ ಮನೆಗೆ ಆಗ ಬಂದವರಿಗೆ ಹಾಲಿನ ಮೂಲೆಯ ಆ ಕಂಪ್ಯೂಟರ್ ನೆನಪಿರುತ್ತೆ. ಪಕ್ಕದ ಬಾಗಿಲು ಸದಾ ಬಿಚ್ಚಿಟ್ಟ ಕ್ಯಾಬಿನೆಟ್ಟು, ಒಳಗೆ ಧೂಳು, ಎದುರಿಗೆ ಟೇಬಲ್ ಫ್ಯಾನು. 2005ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ಒಂದು ಟಿ.ವಿ. ಟ್ಯೂನರ್ ಕಾರ್ಡ್ ತಂದಿದ್ದೆ. ಕೇಬಲ್‌ನವರ ವೈರನ್ನು ನೇರ ಕಂಪ್ಯೂಟರಿನ ಹಿಂದೆ ಸಿಕ್ಕಿಸಿದರೆ ಮಾನಿಟರ್ ಮೇಲೆ ಉದಯ, ಚಂದನ, ಈಟಿವಿ, ಎಲ್ಲ. ಟೈಮ್ ಹಾಕಿಟ್ಟರೆ ತಾನೇ ರೆಕಾರ್ಡ್ ಮಾಡಿಕೊಳ್ಳೋದು. ಆಗ ನಾನು ದಿನಾ ಟ್ರೈನಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಿದ್ದೆ. ಹೋಗೋಕೆ ಎಪ್ಪತ್ತು ಕಿಲೋಮೀಟರ್, ಬರೋಕೆ ಎಪ್ಪತ್ತು. ಕ್ರಾಸಿಂಗಿಗೆ ಅಂತ ನಿಲ್ಲಿಸಿದರೆ ಮನೆ ಸೇರುವಾಗ ಒಂಬತ್ತು. ಸಾಯಂಕಾಲದ ಟಿ.ವಿ. ಅನ್ನೋದೇ ನಮ್ಮಂಥವರಿಗೆ ಇರಲಿಲ್ಲ. ಟಿ.ವಿ. ಟೈಮಿಗೆ ನಾನು ಇರಲ್ಲ ಅಂದರೆ ನನ್ನ ಟೈಮಿಗೆ ಟಿ.ವಿ. ಇರಲಿ, ಅಷ್ಟೇ ನನ್ನ ಆಸೆ.

ಆ ಕಾರ್ಡಿನ ಕಷ್ಟ ಒಂದಾ ಎರಡಾ. ಅದರಲ್ಲಿದ್ದದ್ದು ಫಿಲಿಪ್ಸ್‌ನ 7130 ಚಿಪ್ಪು. ಚಿತ್ರ ಮದರ್‌ಬೋರ್ಡ್ ಮೂಲಕ ಹೋಗೋದು, ಶಬ್ದಕ್ಕೆ ಮಾತ್ರ ಬೇರೆ ವೈರು, ಕಾರ್ಡಿನಿಂದ ಸೌಂಡ್ ಕಾರ್ಡಿನ ಲೈನ್-ಇನ್‌ಗೆ. ಚಿತ್ರವನ್ನು ಕುಗ್ಗಿಸುವ ಕೆಲಸವೆಲ್ಲ ಪ್ರೊಸೆಸರ್ ತಲೆ ಮೇಲೆ. ಹಾಗೇ ಕುಗ್ಗಿಸದೆ ಬರೆದುಕೊಂಡರೆ ಸೆಕೆಂಡಿಗೆ 20 ಎಂಬಿ ಮೇಲೆ. ನನ್ನ 80 ಜಿಬಿ ಡಿಸ್ಕು ಒಂದು ಗಂಟೆಯ ಕಾರ್ಯಕ್ರಮಕ್ಕೇ ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. ಅದಕ್ಕೇ ಎಂಪೆಗ್-2 ಅನ್ನೋ ಕುಗ್ಗಿಸುವ ವಿಧಾನ. ಆಗ ಯಾರಾದರೂ ಕಂಪ್ಯೂಟರ್ ಮುಟ್ಟಿದರೆ ಫ್ರೇಮ್ ಉದುರೋದು, ಮಾತು ಮುಂದೆ, ತುಟಿ ಹಿಂದೆ. ಓಡುವವರ ಕೈಕಾಲಿಗೆ ಬಾಚಣಿಗೆ ಹಲ್ಲಿನ ಥರ ಗೆರೆ. ಮೊದಲು ಎವಿಐ ಫೈಲ್ ಮಾಡುತ್ತಿದ್ದೆ. ಅದು ತನ್ನ ಸೂಚಿಯನ್ನು, ಅಂದರೆ ಯಾವ ಚಿತ್ರ ಎಲ್ಲಿದೆ ಅನ್ನೋ ಪಟ್ಟಿಯನ್ನು, ಕೊನೆಯಲ್ಲಿ ಬರೆಯುತ್ತೆ. ಮಧ್ಯದಲ್ಲಿ ಕರೆಂಟ್ ಹೋಯಿತೋ, ಯು.ಪಿ.ಎಸ್. ಹತ್ತು ನಿಮಿಷ ಕುಂಯ್ ಕುಂಯ್ ಅಂದು ಸುಮ್ಮನಾಯಿತೋ, ಫೈಲ್ ಇರುತ್ತೆ, ತೆರೆಯಲ್ಲ. ವರ್ಚುವಲ್‌ಡಬ್ ಅನ್ನೋ ಸಾಫ್ಟ್‌ವೇರ್ ಹಾಕಿ ರಿಪೇರಿ ಮಾಡುತ್ತ ಎಷ್ಟು ಭಾನುವಾರ ಕಳೆದಿದ್ದೇನೋ! "ನೋಡೋದು ಅರ್ಧ ಗಂಟೆ, ರಿಪೇರಿ ಮೂರು ಗಂಟೆ. ಇದೆಂಥದೋ ನಿನ್ನ ಡಬ್ಬಾ" ಅಂತ ಅಮ್ಮ ಬೈಯುತ್ತಿದ್ದಳು. ಕರೆಂಟ್ ಬಿಲ್ ಬಂದ ದಿನ ಇನ್ನೂ ಜಾಸ್ತಿ.

ಆದರೆ ಕೇಳಿ. ಅಷ್ಟೆಲ್ಲ ಕಷ್ಟಪಟ್ಟು ಆದ ಫೈಲು ನನ್ನದಾಗಿತ್ತು. ಸಿ.ಡಿ.ಗೆ ಬರೆದು ಗೆಳೆಯನ ಮನೆಗೆ ಒಯ್ಯಬಹುದಿತ್ತು. ಇವತ್ತು ವಿಎಲ್‌ಸಿಯಲ್ಲಿ ಹಾಕಿ, ಓಡುತ್ತೆ. ಕಂಪ್ಯೂಟರ್ ಮೂರು ಬದಲಾಯಿತು, ಫೈಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ನಿನ್ನೆ ರಾತ್ರಿ ಸಿಟ್ಟಿನಲ್ಲಿ ಅಟ್ಟದಿಂದ ಆ ಹಳೇ ಕಂಪ್ಯೂಟರಿನ ಡಿಸ್ಕ್ ಇಳಿಸಿದೆ, ಐಡಿಇ ಅನ್ನೋ ಹಳೇ ಥರದ ಕನೆಕ್ಷನ್ನಿನದು. ಕನ್ವರ್ಟರ್ ಹಾಕಿ ಸಿಕ್ಕಿಸಿದರೆ ಕಟಕಟ ಅಂದು ತಿರುಗಿತು. ಅದರಲ್ಲಿ 2007ರ ಸೆಪ್ಟೆಂಬರ್ 24ರ ಫೈಲಿದೆ. ಜೊಹಾನ್ಸ್‌ಬರ್ಗ್, ಇಂಡಿಯಾ-ಪಾಕಿಸ್ತಾನ, ಮೊದಲನೇ ಟಿ20 ವಿಶ್ವಕಪ್ ಫೈನಲ್. ಸೋಮವಾರ ಅದು. ಮ್ಯಾಚ್ ಶುರುವಾಗುವಾಗ ನಾನಿನ್ನೂ ಆಫೀಸಿನಲ್ಲಿ. ಬೆಳಗ್ಗೆಯೇ ಟೈಮ್ ಹಾಕಿಟ್ಟು ಹೋಗಿದ್ದೆ. ಅಪ್ಪ ಮಾನಿಟರ್ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಿಂದಿನ ರಾತ್ರಿ ನಾನು ಅಮೆರಿಕದಲ್ಲಿದ್ದ ಭಾವನ ಹತ್ತಿರ ಮಾತಾಡೋಕೆ ಮೈಕ್ ಹಾಕಿದ್ದೆ. ರೆಕಾರ್ಡಿಂಗ್ ಸೋರ್ಸನ್ನು ವಾಪಸ್ ಲೈನ್-ಇನ್‌ಗೆ ಬದಲಾಯಿಸೋದು ಮರೆತೆ.

ಹಾಗಾಗಿ ಆ ಫೈಲಿನಲ್ಲಿ ಚಿತ್ರ ಜೊಹಾನ್ಸ್‌ಬರ್ಗಿನದು, ಶಬ್ದ ನಮ್ಮ ಹಾಲಿನದು. ಕಾಮೆಂಟರಿ ಎಲ್ಲೋ ದೂರದಲ್ಲಿ ಗೊಣಗುತ್ತೆ. ಅದರ ಮೇಲೆ ಕುಕ್ಕರ್ ಕೂಗು. ಅಮ್ಮ "ಹುಳಿಗೆ ಉಪ್ಪು ಸಾಕಾ ನೋಡ್ರಿ" ಅಂತ ಕರೆಯೋದು. ಗಂಭೀರ್ ಹೊಡೆದಾಗೆಲ್ಲ ಅಪ್ಪ ಕುರ್ಚಿ ಕೈ ಮೇಲೆ ತಟ್ಟೋದು. ಆಗ ನಾನು ಎಷ್ಟು ಉರಿದುಬಿದ್ದಿದ್ದೆ ಗೊತ್ತಾ! ಐತಿಹಾಸಿಕ ಮ್ಯಾಚಿನ ಆಡಿಯೋ ಹಾಳಾಯಿತು ಅಂತ ಎರಡು ದಿನ ಮುಖ ಊದಿಸಿಕೊಂಡಿದ್ದೆ. ಅಪ್ಪನಿಗೇ ರೇಗಿದ್ದೆ, ಸ್ವಲ್ಪ ಬಾಯಿ ಮುಚ್ಚಿಕೊಂಡು ನೋಡಬಾರದಿತ್ತಾ ಅಂತ. ಹೌದು, ಹಾಗೇ ಅಂದಿದ್ದೆ. ಅಪ್ಪ ಹೋಗಿದ್ದು 2013ರಲ್ಲಿ. ಅವರ ದನಿ ಇರುವುದು ಅದೊಂದು ಫೈಲಿನಲ್ಲೇ.

ಅದೂ ಪೂರ್ತಿ ಇಲ್ಲ. ಡಿಸ್ಕಿನ ಆ ಭಾಗ ಫ್ಯಾಟ್32 ಅನ್ನೋ ಹಳೇ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿತ್ತು, ಅದರಲ್ಲಿ ಒಂದು ಫೈಲು 4 ಜಿಬಿಗಿಂತ ದೊಡ್ಡದಾಗೋ ಹಾಗಿಲ್ಲ. ಹರ್ಭಜನ್ ಹಾಕಿದ ಹದಿನೇಳನೇ ಓವರಿನಲ್ಲಿ ಮಿಸ್ಬಾ ಮೂರು ಸಿಕ್ಸರ್ ಎತ್ತಿದ. ಅಪ್ಪ "ಥೂ, ಹೋಯ್ತು ಬಿಡು, ಲೇ ಊಟಕ್ಕೆ ಹಾಕು" ಅಂದರು. ಕುರ್ಚಿ ಎಳೆದ ಸದ್ದು. ಅಲ್ಲಿಗೆ 4 ಜಿಬಿ ಮುಗಿಯಿತು. ಕೊನೇ ಓವರು, ಮಿಸ್ಬಾ ಹಿಂದಕ್ಕೆ ಎತ್ತಿದ್ದು, ಶ್ರೀಶಾಂತ್ ಹಿಡಿದದ್ದು, 5 ರನ್ನಿನಲ್ಲಿ ಗೆದ್ದದ್ದು, ಅದ್ಯಾವುದೂ ಇಲ್ಲ. ನಮ್ಮ ಮನೆ ಫೈಲಿನಲ್ಲಿ ಇಂಡಿಯಾ ಇನ್ನೂ ಸೋಲುತ್ತಲೇ ಇದೆ.

ಈಗ ಕೆಲವರು ಕಾಮೆಂಟಿಗೆ ಬಂದೇ ಬರ್ತೀರಿ. "ಎಲ್ಲ ಯೂಟ್ಯೂಬಲ್ಲಿದೆ ಗುರುವೇ, ರೆಕಾರ್ಡ್ ಯಾಕೆ?" ಇದೆ. ಚಂದನದ 'ಥಟ್ ಅಂತ ಹೇಳಿ' ಕ್ವಿಜ್ ಸಿಗುತ್ತೆ, ಮ್ಯಾಚಿನ ಕೊನೇ ಓವರೂ ಸಿಗುತ್ತೆ. ಸರಿ, ನಮ್ಮಮ್ಮ ಸಾಲಿನಲ್ಲಿ ನಿಂತಿದ್ದನ್ನು ಹುಡುಕಿಕೊಡಿ. ಏನಂತ ಟೈಪ್ ಮಾಡ್ತೀರಿ, ಹಸಿರು ಸೀರೆ ಪ್ಲಾಸ್ಟಿಕ್ ಕವರು ಅಂತಲಾ? ಎಷ್ಟು ಚಾನೆಲ್ಲು, ಎಷ್ಟು ಗಂಟೆ ಲೈವು ಓಡಿತ್ತು ಅವತ್ತು! ಅವರಿಗೆ ಬೇಕಾದ ತುಣುಕನ್ನು ಅವರು ಇಟ್ಟುಕೊಂಡಿರುತ್ತಾರೆ. ನಮಗೆ ಬೇಕಾದ ತುಣುಕನ್ನು ನಾವೇ ಇಟ್ಟುಕೊಳ್ಳಬೇಕಲ್ವಾ?

ಇನ್ನೊಬ್ಬರು, ನನ್ನದೇ ಆಫೀಸಿನ ಮಹಾನುಭಾವರು, "ಕಾಪಿರೈಟ್ ಸಾರ್, ಬೀಗ ಇರೋದು ಕಳ್ಳತನ ಆಗದಿರಲಿ ಅಂತ" ಅಂದರು. ಆಹಾ. ಮನೆಯಲ್ಲಿ ಟಿ.ವಿ. ರೆಕಾರ್ಡ್ ಮಾಡಿ ಆಮೇಲೆ ನೋಡೋದು ಕಳ್ಳತನವಾ ಅಂತ ಅಮೆರಿಕದಲ್ಲಿ ಸೋನಿಯ ಬೀಟಾಮ್ಯಾಕ್ಸ್ ಮೇಲೆ ಸಿನಿಮಾ ಕಂಪನಿಗಳು ಕೇಸು ಹಾಕಿದ್ದವು. 1984ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟು ತಪ್ಪಲ್ಲ ಅಂದಿತು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲೂ ನ್ಯಾಯವಾದ ಸ್ವಂತ ಬಳಕೆಗೆ ಜಾಗ ಇಟ್ಟಿದ್ದಾರೆ. ನಾನೇನು ಅಮ್ಮನ ಮೂರು ಸೆಕೆಂಡನ್ನು ಸಿ.ಡಿ. ಮಾಡಿ ಬಸ್‌ಸ್ಟ್ಯಾಂಡಿನಲ್ಲಿ ಮಾರ್ತೀನಾ? ಅಲ್ಲದೆ ಕದಿಯೋರು ಕದೀತಾನೇ ಇದ್ದಾರೆ, ರಿಲೀಸಾದ ಸಿನಿಮಾ ಸಾಯಂಕಾಲಕ್ಕೆ ಫೋನಿನಲ್ಲಿರುತ್ತೆ. ಬೀಗ ಬಿದ್ದಿರೋದು ತಿಂಗಳು ತಿಂಗಳು ದುಡ್ಡು ಕಟ್ಟುವ ಪೆದ್ದನಿಗೆ ಮಾತ್ರ.

ಪೆದ್ದ ಅಂದೆನಲ್ಲ, ಅದಕ್ಕೂ ಕಾರಣ ಇದೆ. ಕೇಬಲ್ ಡಿಜಿಟಲ್ ಆಗಬೇಕು ಅಂತ 2011ರಲ್ಲಿ ಕಾನೂನು ತಿದ್ದಿದರು. ಮೊದಲು ದೆಹಲಿ, ಮುಂಬೈಯಂಥ ದೊಡ್ಡ ಊರು, ಎರಡನೇ ಹಂತದಲ್ಲಿ ಬೆಂಗಳೂರು, ಮೈಸೂರು. ತುಮಕೂರಿನಂಥ ಊರುಗಳದು ಮೂರನೇ ಹಂತ, 2015ರ ಡಿಸೆಂಬರ್ 31 ಗಡುವು, ಅದೂ ಕೋರ್ಟು ಗೀರ್ಟು ಅಂತ ಎಳೆದಾಡಿತು. ನಮ್ಮ ಬೀದಿಯ ವೈರಿನಲ್ಲಿ ಹಳೇ ಸಿಗ್ನಲ್ ನಿಂತ ದಿನ ನನ್ನ ಕಾರ್ಡಿಗೆ ಬರೀ ಚುಕ್ಕಿ, ಬರೀ ಗದ್ದಲ. ಬಾಕ್ಸಿನಲ್ಲೇ ರೆಕಾರ್ಡ್ ಬಟನ್ ಇದೆ ಅಂದರು. ಒಂದೇ ಬಟನ್! ಫ್ಯಾನ್ ಬೇಡ, ಯು.ಪಿ.ಎಸ್. ಬೇಡ, ಭಾನುವಾರ ಉಳಿಯಿತು. ಡಿಸ್ಕೊಂದನ್ನು ಬಿಚ್ಚಿಟ್ಟುಕೊಂಡು ಇಡೀ ಕಂಪ್ಯೂಟರನ್ನು ಕಾರ್ಡಿನ ಸಮೇತ ಗುಜರಿಯವನಿಗೆ ಕೊಟ್ಟೆ. 300 ರೂಪಾಯಿ. ಖುಷಿಯಾಗಿ ಕೊಟ್ಟೆ.

ಆ ಕಾರ್ಡಿನ ಹಿಂದೆ ಹಳದಿ ಬಣ್ಣದ ಒಂದು ತೂತಿತ್ತು. ವಿ.ಸಿ.ಆರ್. ಸಿಕ್ಕಿಸೋಕೆ ಇದ್ದದ್ದು. ಸೆಟ್‌ಟಾಪ್ ಬಾಕ್ಸಿನ ಎ.ವಿ. ವೈರನ್ನು ಅದಕ್ಕೇ ಸಿಕ್ಕಿಸಬಹುದಿತ್ತು. ಟಿ.ವಿ.ಗೆ ಹೋಗುವ ಚಿತ್ರವೇ ಕಾರ್ಡಿಗೂ ಬರುತ್ತಿತ್ತು, ಬೀಗವೂ ಇಲ್ಲ, ಗೀಗವೂ ಇಲ್ಲ. ಸ್ವಲ್ಪ ಮಸುಕು, ಅಷ್ಟೇ. ನನಗೆ ಗೊತ್ತಿತ್ತು ಕಣ್ರೀ. ಸೋಮಾರಿತನ. 2019ರ ಆ ಎರಡು ದಿನ ಹಾಗೆ ರೆಕಾರ್ಡ್ ಮಾಡಿದ್ದರೆ ಇವತ್ತು ಈ ಪೋಸ್ಟೇ ಇರುತ್ತಿರಲಿಲ್ಲ.

ಅಮ್ಮನಿಗೆ ವಿಷಯ ಹೇಳಲೇಬೇಕಾಯಿತು. ಅತ್ತುಬಿಡ್ತಾಳೇನೋ ಅಂದುಕೊಂಡಿದ್ದೆ. ಕಾಫಿ ಲೋಟ ಎತ್ತಿಕೊಂಡು ಹೋಗ್ತಾ, "ನಿನ್ನ ಆ ಹಳೇ ಡಬ್ಬಾನೇ ವಾಸಿ ಇತ್ತು ಕಣೋ" ಅಂದಳು. ಅಷ್ಟು ವರ್ಷ ಬೈದವಳು! ಈ ಸರ್ಟಿಫಿಕೇಟು ಸ್ವಲ್ಪ ಮೊದಲೇ ಕೊಟ್ಟಿದ್ದರೆ ಗುಜರಿಗೆ ಹಾಕುತ್ತಿದ್ದೆನಾ?

ಸರಿ, ಈಗ ಮುಂದಿನ ಕೆಲಸ. ದೂರದರ್ಶನದವರ ಡಿಡಿ ಫ್ರೀ ಡಿಶ್‌ಗೆ ತಿಂಗಳ ದುಡ್ಡಿಲ್ಲ, ಬೀಗ ಹಾಕದ ಚಾನೆಲ್‌ಗಳೂ ಅದರಲ್ಲಿವೆ, ಚಂದನವೂ ಇದೆ. 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-15 ಉಪಗ್ರಹದ ಕಡೆಗೆ ಒಂದು ಡಿಶ್ ಬುಟ್ಟಿ ತಿರುಗಿಸಿ, ವೈರನ್ನು ಉಪಗ್ರಹದ ಸಿಗ್ನಲ್ ಹಿಡಿಯುವ ಡಿವಿಬಿ-ಎಸ್2 ಯುಎಸ್‌ಬಿ ಟ್ಯೂನರಿಗೆ ಕೊಟ್ಟರೆ ಕಂಪ್ಯೂಟರ್ ಬಂದದ್ದನ್ನು ಬಂದ ಹಾಗೇ ಬರೆದುಕೊಳ್ಳುತ್ತೆ. ಕುಗ್ಗಿಸುವ ಗೋಳೂ ಇಲ್ಲ. ಟಿವಿಹೆಡ್‌ಎಂಡ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಟೈಮ್ ಹಾಕಿಟ್ಟು ಮಲಗಬಹುದು. ಬುಟ್ಟಿ ಟೆರೇಸ್ ಮೇಲೆ ಆಗಲೇ ಇದೆ, ತಿರುಗಿಸೋಕೆ ನಾನಿದ್ದೇನೆ, ಕೆಳಗಿಂದ "ಬಂತು, ಬಂತು, ಹೋಯ್ತು" ಅಂತ ಕೂಗೋಕೆ ಅಮ್ಮ ಇದ್ದಾಳೆ.

ಕೆಟ್ಟ ಬಾಕ್ಸನ್ನು ಆ ಹುಡುಗನಿಗೆ ಕೊಟ್ಟಿಲ್ಲ. ವಾಪಸ್ ಕೊಡದಿದ್ದರೆ ದುಡ್ಡು ಹಿಡಿಯುತ್ತಾರಂತೆ, ಹಿಡಿಯಲಿ. ಲೋಗೋ ಮೇಲೆ ನಿಲ್ಲುವ ಬಾಕ್ಸನ್ನು ಒಂದೇ ಒಂದು ಗಂಟೆ ಎಬ್ಬಿಸಿಕೊಡುವವರು ತುಮಕೂರಿನಲ್ಲಿ ಯಾರಾದರೂ ಇದ್ದರೆ ಹೇಳಿ. ಬಿ.ಎಚ್. ರಸ್ತೆಯಾದರೂ ಸರಿ, ಚಿಕ್ಕಪೇಟೆ ಸಂದಿಯಾದರೂ ಸರಿ, ನಾನೇ ಹೊತ್ತುಕೊಂಡು ಬರ್ತೇನೆ. ಹಾಗೇ, ಹಳದಿ ತೂತಿರುವ ಟ್ಯೂನರ್ ಕಾರ್ಡು, ಅದು ಕೂರುವಂಥ ಪಿಸಿಐ ಸ್ಲಾಟಿನ ಹಳೇ ಮದರ್‌ಬೋರ್ಡು ಯಾರ ಅಟ್ಟದ ಮೇಲಾದರೂ ಇದ್ದರೆ ಗುಜರಿಗೆ ಹಾಕಬೇಡಿ. 300ಕ್ಕಿಂತ ಜಾಸ್ತಿ ಕೊಡ್ತೇನೆ.