ಒಣಗ್ತದಾ ಮಾರಾಯ್ತಿ?

ಮುಂದಿನ ತಿಂಗಳು ಬಾಲಿಗೆ ಹೊರಟಿದ್ದೇವೆ. ಮನೆಯಲ್ಲಿ ಬ್ಯಾಗಿನ ಜಗಳ ಆಗಲೇ ಶುರುವಾಗಿದೆ. ನಮ್ಮ ಯಜಮಾನರು ನಿನ್ನೆ ಜರ್ಕಿನ್ ಹೊರತೆಗೆದು ಮಂಚದ ಮೇಲಿಟ್ಟರು. "ಬಾಲಿಗೆ ಜರ್ಕಿನ್ ಯಾಕ್ರೀ?" ಅಂದರೆ, "ಇರಲಿ ಬಿಡು" ಎನ್ನುವ ಉತ್ತರ. ನಮ್ಮೆಲ್ಲರ ಸೂಟ್‌ಕೇಸ್ ತುಂಬುವುದು ಬಟ್ಟೆಯಿಂದಲ್ಲ, ಈ "ಇರಲಿ"ಯಿಂದಲೇ.

ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ ಬಿಡಿ. ಹೋದ ವರ್ಷ ಕಾಂಬೋಡಿಯಾಕ್ಕೆ ಹೋದಾಗ ನಾನೇ ದೊಡ್ಡ ಅಪರಾಧಿ.

ನಾನು ಬೆಳೆದದ್ದು ಮೈಸೂರಿನಲ್ಲಿ, ಈಗ ಇರುವುದು ಬೆಂಗಳೂರಿನಲ್ಲಿ. ನನಗೆ ಬಿಸಿಲು ಗೊತ್ತು, ಸೆಕೆ ಗೊತ್ತಿರಲಿಲ್ಲ. ಎರಡೂ ಒಂದೇ ಅಂದುಕೊಂಡಿದ್ದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಮರದ ಕೆಳಗೆ ಎರಡು ನಿಮಿಷ ನಿಂತರೆ ಹಾಯೆನಿಸುತ್ತದೆ. ಸೆಕೆಯ ಊರಲ್ಲಿ ನೆರಳು ಕೂಡ ಬೆವರುತ್ತದೆ. ಅತ್ತೆ ಉಡುಪಿ ಕಡೆಯವರು, ಅವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಾನು ಜೀನ್ಸ್ ಮಡಚಿ ಇಡುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದ್ದರು: "ಅದು ಅಲ್ಲಿ ಒಣಗ್ತದಾ ಮಾರಾಯ್ತಿ?"

ನಾನು ನಕ್ಕು ಸುಮ್ಮನಾದೆ. ಒಂದಲ್ಲ, ಎರಡು ಜೀನ್ಸ್ ಇಟ್ಟೆ. ಜೊತೆಗೆ ಹೊಸ ಶೂ, ಫೋಟೋಗೆಂದು ಒಂದು ರೇಷ್ಮೆ ಸೀರೆ, ಹೇರ್ ಡ್ರೈಯರ್. ಆರು ದಿನಕ್ಕೆ, ನಾಲ್ಕು ಜನಕ್ಕೆ, ಮೂರು ದೊಡ್ಡ ಟ್ರಾಲಿ ಬ್ಯಾಗ್. ಅದು ಸಾಲದೆಂದು ನನ್ನ ಕೈಬ್ಯಾಗು ಬೇರೆ 9 ಕೆಜಿ ದಾಟಿತ್ತು. ಮಿತಿ ಇದ್ದದ್ದು 7 ಕೆಜಿ. ಕೌಂಟರ್ ಮುಂದೆ ಬ್ಯಾಗ್ ಬಿಚ್ಚಿ, ಶೂ ಹಾಕಿಕೊಂಡು, ಎರಡು ಕುರ್ತಾಗಳನ್ನು ಒಂದರ ಮೇಲೊಂದು ಹಾಕಿಕೊಂಡು ವಿಮಾನ ಹತ್ತಿದೆ. ಮಗಳು ಅದರ ವಿಡಿಯೋ ಮಾಡಿಟ್ಟುಕೊಂಡಿದ್ದಾಳೆ.

ಮಕ್ಕಳಿಗೆ ರಜೆ ಸಿಗುವುದೇ ಏಪ್ರಿಲ್‌ನಲ್ಲಿ. ಹಾಗಾಗಿ ಕಾಂಬೋಡಿಯಾದಲ್ಲಿ ವರ್ಷದ ಅತಿ ಹೆಚ್ಚು ಬಿಸಿಯಿರುವ ತಿಂಗಳಲ್ಲೇ ನಾವು ಅಲ್ಲಿ ಇಳಿದೆವು. ನಮ್ಮ ಕರಾವಳಿಯಲ್ಲಿ ಬಿಸು ಹಬ್ಬ ಬರುವ ಹೊತ್ತಿಗೇ, ಏಪ್ರಿಲ್ ನಡುವಿನಲ್ಲಿ, ಅವರಿಗೂ ಹೊಸ ವರ್ಷ. ಸಿಯೆಮ್ ರೀಪ್ ವಿಮಾನ ನಿಲ್ದಾಣದ ಬಾಗಿಲು ದಾಟಿದ್ದೇ ಅತ್ತೆ ಮೂಗು ಅರಳಿಸಿ, "ನಮ್ಮ ಊರಿನ ಸೆಕೆಯೇ" ಅಂದರು. ಬಹಳ ದಿನಕ್ಕೆ ಸಿಕ್ಕ ನೆಂಟರನ್ನು ಗುರುತು ಹಿಡಿದ ಹಾಗಿತ್ತು ಅವರ ಮುಖ.

ಮರುದಿನ ಬೆಳಗಿನ ಜಾವ ಆಂಗ್ಕೋರ್ ವಾಟ್. 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮನ್ ಕಟ್ಟಿಸಿದ ವಿಷ್ಣು ದೇವಾಲಯ. ಮುಂದಿನ ಕೊಳದಲ್ಲಿ ಗೋಪುರಗಳ ಪ್ರತಿಬಿಂಬ ಬೀಳುವುದನ್ನು ನೋಡಲು ಜನ ಐದು ಗಂಟೆಗೇ ಜಾಗ ಹಿಡಿಯುತ್ತಾರೆ. ನಾನು ಫೋನ್ ತೆಗೆದರೆ ಪರದೆಯೆಲ್ಲಾ ಮಂಜು. ಎಸಿ ರೂಮಿನಲ್ಲಿ ತಣ್ಣಗಾಗಿದ್ದ ಲೆನ್ಸಿಗೆ ಹೊರಗಿನ ಗಾಳಿ ತಾಗಿ ನೀರು ಕಟ್ಟಿತ್ತು. ಅದು ಆರುವಷ್ಟರಲ್ಲಿ ಸೂರ್ಯ ಮೇಲೆ ಬಂದಿದ್ದ. ಫೋನನ್ನು ಬ್ಯಾಗಿನೊಳಗೇ ಸ್ವಲ್ಪ ಹೊತ್ತು ಬಿಟ್ಟು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆಗೆಯಬೇಕಂತೆ. ಮೊದಲೇ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು.

ಒಂಬತ್ತು ಗಂಟೆಗೆ ನನ್ನ ಜೀನ್ಸ್ ಮೊಣಕಾಲಿನವರೆಗೆ ಒದ್ದೆ. ತೊಡೆ ಉಜ್ಜಿ ಉರಿ. ಕಡಿದಾದ ಮೆಟ್ಟಿಲು ಹತ್ತಲು ಕಾಲು ಮಡಚಿದರೆ ಬಟ್ಟೆ ಬಿಡುವುದೇ ಇಲ್ಲ. ಅತ್ತೆಗೆ 68 ವರ್ಷ. ಅವರು ವಾಯಿಲ್ ಸೀರೆಯನ್ನು ಸ್ವಲ್ಪ ಮೇಲಕ್ಕೆ ಸಿಕ್ಕಿಸಿ ಆರಾಮಾಗಿ ನಡೆಯುತ್ತಿದ್ದರು. ಬೆವರು ಅವರಿಗೂ ಬರುತ್ತಿತ್ತು. ಆದರೆ ಸಣ್ಣ ಗಾಳಿ ಬೀಸಿದರೂ ಸೀರೆ ಆರುತ್ತಿತ್ತು.

ಆವತ್ತು ಅವರ ಪ್ರಶ್ನೆ ಅರ್ಥವಾಯಿತು. ಬೆವರು ಬಂದರಷ್ಟೇ ಮೈ ತಂಪಾಗುವುದಿಲ್ಲ, ಆ ಬೆವರು ಆರಬೇಕು. ಗಾಳಿಯಲ್ಲೇ ನೀರು ತುಂಬಿರುವಾಗ ಅದು ಸುಲಭಕ್ಕೆ ಆರುವುದಿಲ್ಲ. ಬಟ್ಟೆಯದ್ದೂ ಅದೇ ಕಥೆ. ಅಂದರೆ ಹಗ್ಗದ ಮೇಲೆ ಬೇಗ ಒಣಗುವ ಬಟ್ಟೆಯೇ ಮೈಮೇಲೂ ಹಿತ. ಒಂದೇ ಪರೀಕ್ಷೆಯಲ್ಲಿ ಎರಡೂ ತಿಳಿಯುತ್ತದೆ. ಸೆಕೆಯ ಊರಿಗೆ ಹೋಗುವಾಗ ನಾವು ತೂಕದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇವೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು, ರಾತ್ರಿ ಒಗೆದು ಹಾಕಿದರೆ ಬೆಳಿಗ್ಗೆಗೆ ಒಣಗುತ್ತದಾ ಅಂತ. ಒಣಗುವುದಾದರೆ ಮೂರು ಜೊತೆ ಸಾಕು. ಮೈಮೇಲೊಂದು, ಹಗ್ಗದ ಮೇಲೊಂದು, ಬ್ಯಾಗಲ್ಲೊಂದು. ಒಣಗದ ಬಟ್ಟೆ ಹತ್ತು ಜೊತೆ ಇದ್ದರೂ ಐದನೇ ದಿನಕ್ಕೆ ಕೊಳೆ ಬಟ್ಟೆಯ ಮೂಟೆ ಹೊತ್ತು ತಿರುಗುವುದೇ ಆಗುತ್ತದೆ.

ಇಂಟರ್‌ನೆಟ್ ತುಂಬಾ ಇದಕ್ಕೆ ಸಲಹೆಗಳಿವೆ. ಹತ್ತಿ ಬಟ್ಟೆ ಬೇಡವೇ ಬೇಡ, ಮೆರಿನೋ ಎಂಬ ಕುರಿಯ ನಯವಾದ ಉಣ್ಣೆಯ ಟೀ ಶರ್ಟ್ ತಗೊಳ್ಳಿ ಎನ್ನುತ್ತಾರೆ. ಒಂದಕ್ಕೆ ಸಾವಿರಾರು ರೂಪಾಯಿ! ಅವರು ಬೇಡ ಎನ್ನುವುದು ದಪ್ಪ ಟೀ ಶರ್ಟ್, ಜೀನ್ಸಿನ ಹತ್ತಿಯನ್ನು. ಅದು ನಿಜವೇ, ಅದು ನೀರು ಕುಡಿದು ಕೂರುತ್ತದೆ. ಆದರೆ ಮಲ್‌ಮಲ್, ವಾಯಿಲ್ ಕೂಡ ಹತ್ತಿಯೇ ಅಲ್ವಾ? ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳು. ಅತ್ತೆ ಮೈ ಒರೆಸಲು ತಂದದ್ದು ಒಂದು ತೆಳು ಬೈರಾಸು. ನಾನು ಮನೆಯಿಂದ ಹೊತ್ತು ತಂದ ಉಬ್ಬು ನೂಲಿನ ಟರ್ಕಿ ಟವೆಲ್ ಮೊದಲ ಸ್ನಾನದ ನಂತರ ಒಣಗಲೇ ಇಲ್ಲ. ಆರು ದಿನವೂ ಮುಗ್ಗಲು ನಾಯಿಮರಿ ಥರ ಮೂಲೆಯಲ್ಲಿ ಬಿದ್ದಿತ್ತು.

ಅತ್ತೆಯ ಒಂದು ಉಪಾಯ ಈಗ ಮನೆಮಂದಿಗೆಲ್ಲಾ ಪಾಠ. ಒಗೆದ ಬಟ್ಟೆಯನ್ನು ಒಣ ಬೈರಾಸಿನ ಮೇಲೆ ಹರಡಿ, ಎರಡನ್ನೂ ಸೇರಿಸಿ ಸುರುಳಿ ಸುತ್ತಿ, ಗಟ್ಟಿಯಾಗಿ ಹಿಂಡಬೇಕು. ಅರ್ಧ ನೀರು ಬೈರಾಸಿಗೆ ಹೋಗುತ್ತದೆ. ಆಮೇಲೆ ಬಚ್ಚಲಲ್ಲಿ ನೇತು ಹಾಕಬಾರದು, ಎಸಿ ಇರುವ ರೂಮಿನಲ್ಲಿ ಹಾಕಬೇಕು. ಎಸಿ ಗಾಳಿಯ ತೇವವನ್ನೂ ಎಳೆದುಕೊಳ್ಳುವುದರಿಂದ ಬೆಳಿಗ್ಗೆಗೆ ಗರಿಗರಿ. ಇದು ಬೇಜಾರಾದರೆ ಸಿಯೆಮ್ ರೀಪ್‌ನಲ್ಲಿ ಬೀದಿಗೊಂದು ಬಟ್ಟೆ ಒಗೆಯುವ ಅಂಗಡಿ ಇದೆ. ಕೆಜಿ ಲೆಕ್ಕದಲ್ಲಿ ಒಂದೆರಡು ಡಾಲರ್ ಅಷ್ಟೇ. ಆ ಟ್ರಾಲಿ ಬ್ಯಾಗುಗಳಿಗೆ ನಾನು ಕಟ್ಟಿದ ಹೆಚ್ಚುವರಿ ಲಗೇಜ್ ದುಡ್ಡಿನಲ್ಲಿ ಇಡೀ ಮನೆಯ ಬಟ್ಟೆ ಒಗೆಸಬಹುದಿತ್ತು.

ತೆಳು ಅಂದರೆ ಚಿಕ್ಕದು ಅಂತ ಅಲ್ಲ. ಮಗಳು ಹಾಗೆಂದುಕೊಂಡು ಬರೀ ಚಡ್ಡಿ, ತೋಳಿಲ್ಲದ ಟಾಪ್ ತುಂಬಿಕೊಂಡಿದ್ದಳು. ಆಂಗ್ಕೋರ್ ವಾಟ್‌ನ ತುತ್ತತುದಿಯ ಗೋಪುರಕ್ಕೆ ಹತ್ತಲು ಭುಜ, ಮೊಣಕಾಲು ಮುಚ್ಚಿರಬೇಕು. ಭುಜದ ಮೇಲೆ ಶಾಲು ಎಳೆದುಕೊಂಡರೂ ಒಪ್ಪಲಿಲ್ಲ. ಆವತ್ತು ಕೆಳಗೇ ಕೂತಳು. ಸಂಜೆ ಮಾರ್ಕೆಟ್‌ನಲ್ಲಿ ಆನೆ ಚಿತ್ರದ ಸಡಿಲ ಪ್ಯಾಂಟು, ಅರ್ಧ ತೋಳಿನ ಅಂಗಿ ತಗೊಂಡು, ಮರುದಿನ ಹತ್ತಿ ಬಂದಳು. ದೇವಾಲಯ ನೋಡಲು ಮೂರು ದಿನದ ಪಾಸಿಗೆ 62 ಡಾಲರ್ ಕೊಟ್ಟದ್ದು ಸಾರ್ಥಕವಾಯಿತು. ಆ ಪ್ಯಾಂಟು ಎರಡು ಗಂಟೆಯಲ್ಲಿ ಒಣಗುತ್ತದೆ, ನಿಜ. ಆದರೆ ಮೊದಲ ಒಗೆತಕ್ಕೆ ಬಣ್ಣ ಬಿಟ್ಟು ಅತ್ತೆಯ ಬಿಳಿ ರವಿಕೆ ನೀಲಿಯಾಯಿತು. ಅದನ್ನು ಅತ್ತೆ ಇನ್ನೂ ಮರೆತಿಲ್ಲ.

ಮಾತ್ರೆಗಳ ವಿಷಯದಲ್ಲಿ ಮಾತ್ರ ಕಂಜೂಸುತನ ಬೇಡ. ಅತ್ತೆಯ ಬಿಪಿ ಮಾತ್ರೆಯನ್ನು ಜಾಗ ಉಳಿಸಲು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಿದ್ದೆ. ತೇವಕ್ಕೆ ಮೆತ್ತಗಾಗಿ ಅಂಟಿಕೊಂಡವು. ಪುಣ್ಯಕ್ಕೆ ಅವರ ಹತ್ತಿರ ಇನ್ನೊಂದು ಸ್ಟ್ರಿಪ್ ಇತ್ತು. ಓಆರ್‌ಎಸ್ ಪುಡಿ, ಬೆವರುಸಾಲೆಗೆ ಪೌಡರ್ ಕೂಡ ಇರಲಿ. (ಇದು ನಿಜವಾದ "ಇರಲಿ"!)

ಇನ್ನೊಂದು ಮಾತು. ಹಗುರ ಬ್ಯಾಗಿನ ಬಗ್ಗೆ ಭಾಷಣ ಮಾಡುವ ಗಂಡಸರನ್ನು ನೋಡಿದರೆ ನನಗೆ ನಗು ಬರುತ್ತದೆ. "ನನ್ನದು ಒಂದೇ ಬ್ಯಾಕ್‌ಪ್ಯಾಕ್ ನೋಡು" ಎನ್ನುವವರ ಸೋಪು, ಸನ್‌ಸ್ಕ್ರೀನ್, ಮಗುವಿನ ಬಿಸ್ಕತ್ತು, ಕೊನೆಗೆ ಅವರದೇ ಬನಿಯನ್ನು ಇರುವುದು ಹೆಂಡತಿಯ ಬ್ಯಾಗಿನಲ್ಲಿ. ಹೋಟೆಲ್ ಬಚ್ಚಲಲ್ಲಿ ಬಟ್ಟೆ ಹಿಂಡುವವರು ಯಾರು ಅಂತ ಮೊದಲೇ ತೀರ್ಮಾನ ಆಗಲಿ. ಈ ಸಲ ನಮ್ಮಲ್ಲಿ ಅವರವರ ಬಟ್ಟೆ ಅವರವರೇ ಎಂದು ನಿಯಮ ಮಾಡಿದ್ದೇನೆ. ಹೇಳಿದ ಹತ್ತು ನಿಮಿಷಕ್ಕೆ ಯಜಮಾನರ ಎರಡು ಜೀನ್ಸ್ ವಾಪಸ್ ಬೀರು ಸೇರಿದವು. ಜರ್ಕಿನ್ ಇನ್ನೂ ಮಂಚದ ಮೇಲೇ ಇದೆ.

ನನ್ನ ಕಾಂಬೋಡಿಯಾದ ಜೀನ್ಸ್ ಏನಾಯಿತು ಅಂತ ಹೇಳಲಿಲ್ಲ ಅಲ್ವಾ? ಮೂರನೇ ದಿನ ಒಗೆದೆ. ಹೊರಡುವ ದಿನವೂ ಸೊಂಟದ ಪಟ್ಟಿ, ಜೇಬು ಹಸಿ ಹಸಿ. ಪ್ಲಾಸ್ಟಿಕ್ ಕವರಿಗೆ ತುರುಕಿ ತಂದೆ. ಬೆಂಗಳೂರಲ್ಲಿ ಬಿಚ್ಚಿದರೆ ಆ ವಾಸನೆಗೆ ಬೆಕ್ಕು ಎದ್ದು ಹೊರಗೆ ಹೋಯಿತು.

ನಿನ್ನೆ ರಾತ್ರಿ ತಮಾಷೆಗೆಂದು ಎಲ್ಲರ ಬ್ಯಾಗ್ ತೂಗಿದೆವು. ನನ್ನದು 6.1 ಕೆಜಿ. ಮಗಳದ್ದು 5.8. ಅತ್ತೆಯದ್ದು 6.9! ಬಿಚ್ಚಿ ನೋಡಿದರೆ ಮೂರು ವಾಯಿಲ್ ಸೀರೆ, ಎರಡು ನೈಟಿ, ಬೈರಾಸು, ಮಾತ್ರೆ. ಅದರ ಕೆಳಗೆ ಎರಡು ಕೆಜಿ ಚಟ್ನಿಪುಡಿ, ಒಂದು ಕೆಜಿ ಅವಲಕ್ಕಿ.

"ಇದ್ಯಾಕೆ ಇಷ್ಟೊಂದು ಅತ್ತೆ?" ಅಂದೆ.

"ಅಲ್ಲಿ ಎಲ್ಲದಕ್ಕೂ ಮೀನಿನ ಸಾಸ್ ಹಾಕಿದ್ದು ನೆನಪಿಲ್ವಾ? ಮತ್ತೆ, ಇದಕ್ಕೆ ಒಣಗುವ ರಗಳೆ ಇಲ್ಲ ನೋಡು."